ಬೋಳು ತುಂಡು

ಟ್ರೌಡ್ಲಾ ಅತ್ತೆ ತಕ್ಕಡಿ ಮುಟ್ಟಿದವಳಲ್ಲ.
ಹಿಟ್ಟು ಇಷ್ಟು, ಸಕ್ಕರೆ ಅದರರ್ಧ,
ಬೆಣ್ಣೆ ನಿನ್ನ ಮನಸ್ಸು ಒಪ್ಪುವುದಕ್ಕಿಂತ ಒಂದು ಚೂರು ಹೆಚ್ಚು:
ಅಷ್ಟೇ ಲೆಕ್ಕ.
ಉಪ್ಪು ಯಾಕೆ ಎಂದರೆ ಚಿಟಿಕೆ ಉದುರಿಸಿ
"ಸಿಹಿಗೂ ಒಬ್ಬ ಸಾಕ್ಷಿ ಬೇಕಲ್ಲ" ಎನ್ನುವಳು.

ಬೆಣ್ಣೆ ರಾತ್ರಿಯೆಲ್ಲ ಕಿಟಕಿಯ ಹೊರಗೆ
ಚಳಿ ಕುಡಿದು ಕಲ್ಲಾಗಿರಬೇಕು.
ನನ್ನದು ಜ್ವರದ ಕೈಯಂತೆ, ಮುಟ್ಟಿದ್ದೆಲ್ಲ ಕರಗುತ್ತದಂತೆ;
ಅಂಗಳದ ನಲ್ಲಿಗೆ ಅಟ್ಟುವಳು.
ಬೆರಳು ನೀಲಿಯಾದ ಮೇಲೆ ಮಾತ್ರ
ಬೋಗುಣಿಯ ಬಳಿ ನನಗೆ ಜಾಗ.

ಉಜ್ಜಬೇಕು, ನಾದಬಾರದು.
ಹೆಬ್ಬೆರಳು ತೋರುಬೆರಳ ನಡುವೆ
ಜಿಪುಣ ನೋಟು ಎಣಿಸುವ ಹಾಗೆ.
ಮೊದಲು ಮರಳು. ಆಮೇಲೆ ಒದ್ದೆ ಮರಳು.
ಆಮೇಲೆ ಒಂದು ಹಿಡಿ ಹಿಸುಕಿ ಬಿಟ್ಟರೆ
ನಿಲ್ಲಬೇಕು;
ತಟ್ಟಿದರೆ ಒಡೆಯಬೇಕು,
ಒಂದು ಕಡಲೆಯಷ್ಟು, ಒಂದು ಗೋಲಿಯಷ್ಟು,
ಒಂದು ಏನೂ ಅಲ್ಲದಷ್ಟು.
"ಸಾಕು, ಕೈ ತೆಗೆ" ಎಂದಾಗ ತೆಗೆಯಬೇಕು.
ತೆಗೆಯದಿದ್ದರೆ ಮುದ್ದೆ.
ಮುದ್ದೆಯನ್ನು ಮತ್ತೆ ಪುಡಿ ಮಾಡಲು ಯಾವ ಸಂತನಿಂದಲೂ ಆಗದು.

ಆ ಮಾರ್ಚ್‌ನಲ್ಲಿ ಉರ್ಸೂಲಾಳ ಮದುವೆ.
ಓಡ್ರಾ ದಂಡೆಯ ನಮ್ಮೂರಲ್ಲಿ
ಬಾಯಿಮಾತಿನ ಕರೆ ಕರೆಯಲ್ಲ;
ಮದುವೆಗೆ ಮೂರು ದಿನ ಇರುವಾಗ
ಮನೆಮನೆಗೂ ಕೊವೊಚ್ ಹೋಗಬೇಕು,
ಕೆಳಗೆ ಹುದುಗಿದ ಹಿಟ್ಟು, ನಡುವೆ ಗಸಗಸೆ,
ಮೇಲೆ ಆ ಪುಡಿ, ಬಿಸಿಲು ತಾಗಿದ ಹೊಲದ ಬಣ್ಣ.
ಹೊರುವವಳು ನಾನು. ಒಂಬತ್ತು ವರ್ಷ. ಎರಡು ಬುಟ್ಟಿ.

ಪೊಟ್ಟಣ ಕಟ್ಟುತ್ತಾ ಅತ್ತೆ ಹೆಸರು ಹೇಳಿದಳು:
ಪಾದ್ರಿ, ಸೂಲಗಿತ್ತಿ, ಅಂಚೆಯವನು,
ಕೊನೆಗೆ, "ಎರ್ವಿನ್."
ಅಮ್ಮನ ಚಾಕು ನಿಂತಿತು.
ಬೇಲಿ ದಾಟಿದ ಚೆರ್ರಿ ಕೊಂಬೆ ಅವನು ಕಡಿದು
ಹನ್ನೊಂದು ವರ್ಷ;
ಅಂದಿನಿಂದ ನಮ್ಮ ನಾಯಿಗಳೂ ಮಾತಾಡಿರಲಿಲ್ಲ.
"ಮದುವೆ ಬೇಲಿಗಲ್ಲ, ಹುಡುಗಿಗೆ" ಎಂದಳು ಅತ್ತೆ, ದಾರ ಬಿಗಿದಳು.

ದಾರಿ ಉದ್ದ. ಬುಟ್ಟಿ ಬೆಚ್ಚಗೆ.
ಕೊನೆಯ ಪೊಟ್ಟಣದ ಮೂಲೆ ತಾನೇ ಬಿಚ್ಚಿಕೊಂಡಿತು
(ಇವತ್ತಿಗೂ ಹಾಗೇ ಹೇಳುತ್ತೇನೆ).
ಒಂದು ಕಾಳು. ಅದರ ಪಕ್ಕದ್ದು.
ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ
ಒಂದೊಂದೇ, ಒಂದೊಂದೇ,
ಸೇತುವೆಯಿಂದ ಎರ್ವಿನ್‌ನ ಗೇಟಿನವರೆಗೆ.
ಅವನು ಬಾಗಿಲು ತೆರೆದಾಗ
ನನ್ನ ಗಲ್ಲದ ಮೇಲೆ ಸಕ್ಕರೆ,
ಅವನ ಕೈಯಲ್ಲಿ ಬೋಳು ತುಂಡು.
ಬಹಳ ಹೊತ್ತು ನೋಡಿದ. ಬಾಗಿಲು ಹಾಕಿದ.

ಸಂಜೆ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ
ಟೋಪಿ ತೆಗೆಯದೆ ನಿಂತಿದ್ದ,
ಅಂಗೈಯಲ್ಲಿ ಅದೇ ತುಂಡು, ಸಾಕ್ಷ್ಯದ ಹಾಗೆ.
"ಟ್ರೌಡ್ಲಾ, ಕೊಡುವುದಿದ್ದರೆ ಪೂರ್ತಿ ಕೊಡು.
ಇಲ್ಲವಾದರೆ ಬೇಡ."
ಹನ್ನೊಂದು ವರ್ಷದ ಮೇಲೆ ಮೊದಲ ಮಾತು, ಅದೂ ದೂರು!

ಅತ್ತೆ ತುಂಡನ್ನು ನೋಡಿದಳು.
ನನ್ನನ್ನು ನೋಡಿದಳು.
ನನ್ನ ಎದೆಯಲ್ಲಿ ಬೋಗುಣಿ ಉರುಳಿತು.
"ಬೆಣ್ಣೆ ಕಡಿಮೆಯಾಗಿತ್ತು, ಎರ್ವಿನ್," ಎಂದಳು,
ಊರಿಗೆಲ್ಲ ಬೆಣ್ಣೆಗೇ ಹೆಸರಾದವಳು,
ನನ್ನನ್ನು ಸೆರಗಿಲ್ಲದ ಏಪ್ರನ್ನಿನ ಹಿಂದೆ ಸರಿಸಿ.

ಕಿಟಕಿ ತೆರೆದಳು, ಉಳಿದ ತುಂಡು ಬೆಣ್ಣೆ ತಂದಳು.
ಒಲೆ ಆರಿತ್ತು. ಆದರೂ ಉಜ್ಜಿದಳು,
ಹಸಿ ಪುಡಿಯನ್ನೇ ಅವನ ತುಂಡಿನ ಮೇಲೆ ಸುರಿದಳು,
ಬೆಟ್ಟದಷ್ಟು.
ಅವನು ನಿಂತಲ್ಲೇ ತಿಂದ.
ಅರ್ಧ ನೆಲಕ್ಕೆ ಬಿತ್ತು, ಅರ್ಧ ಮೀಸೆಗೆ.
"ಸಕ್ಕರೆ ಜಾಸ್ತಿ" ಎಂದ. ಹೋದ.

ಮದುವೆಗೆ ಬಂದ, ಹಿಂದಿನ ಬೆಂಚಲ್ಲಿ ಕೂತ.
ಕೊಂಬೆಯ ಮಾತು ಯಾರೂ ಎತ್ತಲಿಲ್ಲ,
ಬಗೆಹರಿಯಲೂ ಇಲ್ಲ.

ಈಗ ನಾನು ಉಜ್ಜುವಾಗ ಕೈ ಇನ್ನೂ ಬಿಸಿಯೇ.
ನಲ್ಲಿಗೆ ಹೋಗುತ್ತೇನೆ, ಯಾರೂ ಅಟ್ಟದಿದ್ದರೂ.